ಭಿತ್ತಿಚಿತ್ರವೂ ಭಿತ್ತಿಪತ್ರವೂ

ಮಂಗಳೂರಿನವರಿಗೆ ಇಟಲಿ ದೇಶದ ಚಿತ್ರಕಲೆಯನ್ನು ನೋಡಬೇಕೆಂಬ ಆಸೆಯಾದರೆ ಹಡಗು ಹತ್ತಬೇಕಾಗಿಲ್ಲ. ಲೈಟ್‌ಹೌಸ್ ಗುಡ್ಡವನ್ನು ಹತ್ತಿದರೆ ಸಾಕು. ಅಲ್ಲಿರುವ ಸಂತ ಅಲೋಶಿಯಸ್ ಕಾಲೇಜಿನ ಇಗರ್ಜಿಯ ಗೋಡೆಗಳನ್ನೂ ಮಾಳಿಗೆಯನ್ನೂ 1899ರಿಂದ 1901ರ ವರೆಗೆ ಅಂತೋನಿಯೋ ಮೊಸ್ಕೇನಿ ಎಂಬ ಜೆಸ್ವಿತ್ ಸಹೋದರರು ಚಿತ್ರಗಳಿಂದ ತುಂಬಿಸಿದರು. ಅವರು ಹುಟ್ಟಿದುದು 1854ರಲ್ಲಿ, ಉತ್ತರ ಇಟಲಿಯ ಬೆರ್ಗಾಮೋ ಪಟ್ಟಣಕ್ಕೆ ಹತ್ತಿರದ ಸ್ತೆಜ್ಜಾನೋ ಎಂಬ ಊರಿನಲ್ಲಿ. ಚಿತ್ರವಿದ್ಯೆಯನ್ನು ಕಲಿತುದು ಬೆರ್ಗಾಮೋದ ಕಲಾಶಾಲೆಯಲ್ಲಿ. ತೀರಿಕೊಂಡುದು 1905ರಲ್ಲಿ, ಕೊಚ್ಚಿಯಲ್ಲಿ. ಸಂತ ಅಲೋಶಿಯಸರ ಜೀವನಕಥೆಯನ್ನು ಓದು ಬಾರದವನೂ ಅಲ್ಲಿ ತಲೆಯೆತ್ತಿ ನೋಡಿ ತಿಳಿದುಕೊಳ್ಳಬಹುದು. ಭಿತ್ತಿಚಿತ್ರದ ಮೂಲ ಉದ್ದೇಶವೇ ಅದು.

ಎರಡನೆಯ ಬಿ. ಎ. ತರಗತಿಯಲ್ಲಿದ್ದಾಗ ಆ ಚಿತ್ರಗಳನ್ನು ನೋಡಿಬಂದ ನನಗೆ ಒಂದು ಪ್ರಶ್ನೆ ಹುಟ್ಟಿತು. ಮೊಸ್ಕೇನಿಯವರು ಇಲ್ಲಿ ಏಣಿಯ ಮೇಲೆ ನಿಂತು ಸಂತರನ್ನು ಬರೆಯುತ್ತಿದ್ದ ವರ್ಷಗಳಲ್ಲಿ ಅವರ ಊರಿನ ಕಡೆಯ ಇತರ ಚಿತ್ರಕಾರರು ಏನು ಮಾಡುತ್ತಿದ್ದರು? ಬೆರ್ಗಾಮೋದಿಂದ ಮಿಲಾನ್ ನಗರಕ್ಕೆ ಸುಮಾರು 50 ಕಿಲೋಮೀಟರು, ಅಂದರೆ ಮಂಗಳೂರಿನಿಂದ ಉಡುಪಿಗೆ ಇರುವಷ್ಟು ದೂರವೂ ಇಲ್ಲ. ನಮ್ಮ ಗ್ರಂಥಾಲಯದಲ್ಲಿ ದೊರೆತ ಒಂದು ಚಿತ್ರಸಂಪುಟವನ್ನು ತಿರುವಿಹಾಕಿದಾಗ ಉತ್ತರ ಸಿಕ್ಕಿತು. ಮಿಲಾನಿನ ಚಿತ್ರಕಾರರು ಕೂಡ ಗೋಡೆಗಾಗಿಯೇ ಚಿತ್ರ ಬರೆಯುತ್ತಿದ್ದರು. ಆದರೆ ಅದು ದೇವಾಲಯದ ಗೋಡೆಯಲ್ಲ, ಬೀದಿಯ ಗೋಡೆ. ಅವರು ಬರೆದುದು ಭಿತ್ತಿಚಿತ್ರವಲ್ಲ, ಭಿತ್ತಿಪತ್ರ. ನಾವು ದಿನವೂ ಪೋಸ್ಟರ್ ಎಂದು ಕರೆಯುವ ವಸ್ತು.

ಪೋಸ್ಟರಿನ ಕಥೆ ಕಲ್ಲಿನಿಂದ ಆರಂಭವಾಗುತ್ತದೆ. ಸುಮಾರು 1796ರಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಎಂಬವರು ಕಲ್ಲಚ್ಚಿನ ವಿಧಾನವನ್ನು ಕಂಡುಹಿಡಿದರು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು. ಕಲ್ಲನ್ನು ಹದಗೊಳಿಸಿ ನೀರು ಸವರಿದರೆ, ಜಿಡ್ಡಿಲ್ಲದ ಭಾಗ ಮಾತ್ರ ನೀರನ್ನು ಹೀರುತ್ತದೆ. ಬಳಿಕ ಎಣ್ಣೆಯ ಮಸಿ ಹಚ್ಚಿದರೆ, ನೀರಿದ್ದಲ್ಲಿ ಮಸಿ ನಿಲ್ಲದು, ಜಿಡ್ಡಿದ್ದಲ್ಲಿ ನಿಲ್ಲುವುದು. ಎಣ್ಣೆಗೂ ನೀರಿಗೂ ಇರುವ ಹಗೆತನವೇ ಈ ಮುದ್ರಣದ ರಹಸ್ಯ. ಬಣ್ಣದ ಚಿತ್ರವಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಒಂದೇ ಕಾಗದವನ್ನು ಕಲ್ಲಿನಿಂದ ಕಲ್ಲಿಗೆ ಕೂದಲೆಳೆಯಷ್ಟೂ ತಪ್ಪದಂತೆ ಒತ್ತಬೇಕು.

ಈ ಕಲ್ಲಚ್ಚು ಮಂಗಳೂರಿಗೆ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯುವುದು ಯೋಗ್ಯ. ಬಾಸೆಲ್ ಮಿಶನಿನವರು 1841ರಲ್ಲಿ ನಮ್ಮ ಊರಿನಲ್ಲಿ ತೆರೆದ ಮುದ್ರಣಾಲಯವು ಕಲ್ಲಚ್ಚಿನದೇ ಆಗಿತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಹೊರತಂದ, ಕನ್ನಡದ ಮೊದಲ ಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು. ಅಕ್ಷರಗಳನ್ನು ಕೈಯಿಂದ ಬರೆದು ಕಲ್ಲಿಗಿಳಿಸಿ ಒತ್ತುತ್ತಿದ್ದರು. ಹೀಗೆ ಒಂದೇ ವಿದ್ಯೆ ಎರಡು ದಾರಿ ಹಿಡಿಯಿತು: ಇಲ್ಲಿ ಕಲ್ಲು ಓದುವವನಿಗಾಗಿ ಅಕ್ಷರವನ್ನು ಹೊತ್ತಿತು, ಅಲ್ಲಿ ಕಲ್ಲು ದಾರಿಹೋಕನಿಗಾಗಿ ಚಿತ್ರವನ್ನು ಹೊತ್ತಿತು.

ಇಟಲಿಯ ಪೋಸ್ಟರುಗಳಿಗೆ ತವರುಮನೆ ಮಿಲಾನಿನ ರಿಕೋರ್ದಿ ಸಂಸ್ಥೆ. 1808ರಲ್ಲಿ ಸಂಗೀತದ ಪುಸ್ತಕಗಳ ಪ್ರಕಟಣೆಗೆಂದು ಹುಟ್ಟಿದ ಈ ಮನೆ ತನ್ನ ಗೀತನಾಟಕಗಳನ್ನು ಸಾರುವುದಕ್ಕಾಗಿ ಚಿತ್ರಕಾರರನ್ನು ಇಟ್ಟುಕೊಂಡಿತು. ಅವರ ಮುಖಂಡರು ಅದೋಲ್ಫೋ ಹೊಹೆನ್‌ಸ್ಟೈನ್. ಅವರು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದುದು ಮೊಸ್ಕೇನಿಯವರು ಹುಟ್ಟಿದ 1854ರಲ್ಲಿಯೇ. ಪುಚ್ಚೀನಿಯ ‘ತೋಸ್ಕಾ’ ಗೀತನಾಟಕವು 1900ರ ಜನವರಿಯಲ್ಲಿ ರೋಮಿನಲ್ಲಿ ಮೊದಲ ಬಾರಿಗೆ ರಂಗವೇರಿದಾಗ ಅದಕ್ಕೆ ಭಿತ್ತಿಪತ್ರ ಬರೆದವರು ಹೊಹೆನ್‌ಸ್ಟೈನ್. ಅದೇ ತಿಂಗಳಲ್ಲಿ ಮೊಸ್ಕೇನಿಯವರು ನಮ್ಮ ಗುಡ್ಡದ ಮೇಲೆ ಕೆಲಸದಲ್ಲಿದ್ದರು. ಒಬ್ಬರ ಚಿತ್ರ ಇಂದಿಗೂ ಗೋಡೆಯಲ್ಲಿದೆ. ಇನ್ನೊಬ್ಬರದು ಗೋಡೆಯಲ್ಲಿ ಕೆಲವು ವಾರ ಬಾಳಲೆಂದೇ ಹುಟ್ಟಿದುದು.

ಹೊಹೆನ್‌ಸ್ಟೈನರ ಗರಡಿಯಲ್ಲಿ ಪಳಗಿದವರಲ್ಲಿ ತ್ರಿಯೆಸ್ತೆಯ ಇಬ್ಬರು ಪ್ರಸಿದ್ಧರು. ಲಿಯೋಪೋಲ್ದೋ ಮೆತ್ಲಿಕೋವಿಟ್ಸ್ (1868–1944) ಮೊದಲನೆಯವರು. ಆಲ್ಪ್ಸ್ ಪರ್ವತವನ್ನು ಕೊರೆದು ತೆಗೆದ, ಸುಮಾರು 20 ಕಿಲೋಮೀಟರು ಉದ್ದದ ಸಿಂಪ್ಲೋನ್ ಸುರಂಗ 1906ರಲ್ಲಿ ತೆರೆದಾಗ ಮಿಲಾನಿನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಅವರು ಬರೆದ ಪತ್ರ ಬಹಳ ಹೆಸರುವಾಸಿಯಾಯಿತು. ಸುರಂಗದ ಕತ್ತಲಿನಿಂದ ರೈಲು ಬೆಳಕಿಗೆ ಬರುತ್ತಿದೆ. ಎಂಜಿನಿನ ಮುಂಭಾಗದಲ್ಲಿ ಎರಡು ಪುರಾಣವ್ಯಕ್ತಿಗಳು ಕುಳಿತು ದೂರದ ಮಿಲಾನನ್ನು ನೋಡುತ್ತಿವೆ. ಸುರಂಗದ ಉದ್ದವನ್ನಾಗಲಿ ಖರ್ಚನ್ನಾಗಲಿ ಅದು ಹೇಳುವುದಿಲ್ಲ. ಕತ್ತಲು ಕಳೆದು ಬೆಳಕಾಯಿತು ಎಂಬಷ್ಟನ್ನೇ ಹೇಳುತ್ತದೆ.

ಎರಡನೆಯವರು ಮಾರ್ಚೆಲ್ಲೋ ದುದೋವಿಚ್ (1878–1962). 1911ರಲ್ಲಿ ಬೋರ್ಸಲೀನೋ ಟೊಪ್ಪಿಗಾಗಿ ಅವರು ಬರೆದ ಪತ್ರದಲ್ಲಿ ಟೊಪ್ಪಿ ಇಟ್ಟುಕೊಂಡ ಮನುಷ್ಯನೇ ಇಲ್ಲ. ಬರಿದಾದ ಆಸನ, ಅದರ ಮೇಲೆ ಟೊಪ್ಪಿ. ಯಜಮಾನನು ಈಗ ತಾನೆ ಎದ್ದುಹೋದನೆಂದು ನೋಡುವವನೇ ಊಹಿಸಿಕೊಳ್ಳಬೇಕು. ನಮ್ಮ ಅಲಂಕಾರಿಕರು ಧ್ವನಿ ಎಂದು ಕರೆದ ಗುಣವನ್ನು ಒಬ್ಬ ಟೊಪ್ಪಿ ಮಾರುವವನ ಜಾಹೀರಾತಿನಲ್ಲಿ ಕಂಡು ನನಗೆ ಆಶ್ಚರ್ಯವಾಯಿತು.

ಇವರಿಗಿಂತಲೂ ಒಂದು ಹೆಜ್ಜೆ ಮುಂದೆ ಹೋದವರು ಲಿವೋರ್ನೋದಲ್ಲಿ 1875ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಲಿಯೊನೆತ್ತೋ ಕಾಪ್ಪಿಯೆಲ್ಲೋ. 1903ರಲ್ಲಿ ಕ್ಲೌಸ್ ಎಂಬ ಚಾಕಲೇಟಿಗೆ ಅವರು ಬರೆದುದು, ಕಪ್ಪು ಹಿನ್ನೆಲೆಯಲ್ಲಿ ಕೆಂಪು ಕುದುರೆ ಏರಿದ ಹಸಿರು ಉಡುಪಿನ ಹೆಂಗಸು. ಚಾಕಲೇಟಿಗೂ ಕುದುರೆಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಜನರು ಅಂಗಡಿಗೆ ಹೋಗಿ ಕೆಂಪು ಕುದುರೆಯ ಚಾಕಲೇಟು ಕೊಡಿರೆಂದು ಕೇಳತೊಡಗಿದರಂತೆ. ಒಂದು ಪತ್ರಕ್ಕೆ ಒಂದೇ ಆಕೃತಿ, ಒಂದೇ ಭಾವ, ದೂರದಿಂದ ಕಾಣುವ ಬಣ್ಣ: ಇದೇ ಅವರ ಸೂತ್ರ. ಬೀದಿಯಲ್ಲಿ ನಡೆಯುವವನ ಹತ್ತಿರ ಕ್ಷಣಕಾಲಕ್ಕಿಂತ ಹೆಚ್ಚು ಸಮಯವಿಲ್ಲ ಎಂಬುದನ್ನು ಅವರು ಅರಿತಿದ್ದರು.

ಪ್ರವಾಸದ ಪತ್ರಗಳದು ಬೇರೊಂದು ಬಗೆ. ಇಟಲಿಯ ಸರಕಾರ 1905ರಲ್ಲಿ ರಾಷ್ಟ್ರೀಯ ರೈಲ್ವೆಯನ್ನೂ 1919ರಲ್ಲಿ ಎನಿತ್ ಎಂಬ ಪ್ರವಾಸೋದ್ಯಮ ಸಂಸ್ಥೆಯನ್ನೂ ಸ್ಥಾಪಿಸಿತು. ಇವೆರಡೂ ಸೇರಿ ಹೊರದೇಶದವರನ್ನು ಕರೆಯುವುದಕ್ಕಾಗಿ ಬಹಳಷ್ಟು ಪತ್ರಗಳನ್ನು ಹೊರತಂದವು. ನೇಪಲ್ಸಿನ ರಿಕ್ಟರ್ ಮುದ್ರಣಾಲಯದಲ್ಲಿದ್ದ ಮಾರಿಯೋ ಬೋರ್ಗೋನಿಯವರು ಬರೆದ ಕಡಲತೀರದ ಚಿತ್ರಗಳಲ್ಲಿ ನೀರು ನೀಲಿ, ಬಂಡೆಗಳ ಮೇಲೆ ಹೂಬಳ್ಳಿ, ಎಲ್ಲಿ ನೋಡಿದರೂ ಬಿಸಿಲು. ಚೆಲುವಿನಲ್ಲಿ ಕೊರತೆಯಿಲ್ಲ. ಆದರೆ ವಿಚಾರವಂತನಾದ ವಿದ್ಯಾರ್ಥಿಯು ಚಿತ್ರದ ಚೌಕಟ್ಟಿನ ಹೊರಗಿರುವುದನ್ನೂ ನೋಡಬೇಕಷ್ಟೆ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅದೇ ನೇಪಲ್ಸಿನ ಬಂದರಿನಿಂದ ದಕ್ಷಿಣ ಇಟಲಿಯ ಬಡವರು ಹೊಟ್ಟೆಪಾಡಿಗಾಗಿ ಲಕ್ಷಗಟ್ಟಲೆಯಾಗಿ ಅಮೆರಿಕೆಗೆ ಹೊರಡುತ್ತಿದ್ದರು. ಬರುವವರಿಗೆ ತೋರಿಸಿದ ಕಡಲು ಒಂದು, ಹೋಗುವವರು ಕಂಡ ಕಡಲು ಇನ್ನೊಂದು. ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಮಕ್ಕಳನ್ನು ಕಳುಹಿಸಿಕೊಟ್ಟ ನಮ್ಮ ಕರಾವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1922ರಲ್ಲಿ ಅಧಿಕಾರಕ್ಕೆ ಬಂದ ಮುಸ್ಸೋಲಿನಿಯ ಆಡಳಿತವೂ ಇದೇ ಕಲೆಯನ್ನು ತನ್ನ ಪ್ರಚಾರಕ್ಕೆ ದುಡಿಸಿಕೊಂಡಿತು. ಜೀನೋ ಬೊಕ್ಕಸೀಲೆಯವರಂಥ ನುರಿತ ಕೈಗಳು ದ್ವೇಷವನ್ನೂ ಅಷ್ಟೇ ಅಂದವಾಗಿ ಬರೆದವು. ಕ್ಷಣಮಾತ್ರದಲ್ಲಿ ಮನಸ್ಸನ್ನು ಹಿಡಿಯುವ ಶಕ್ತಿ ಸತ್ಯಕ್ಕೂ ಒದಗುತ್ತದೆ, ಸುಳ್ಳಿಗೂ ಒದಗುತ್ತದೆ.

ಇಷ್ಟು ಅಲ್ಪಾಯುಷಿಗಳಾದ ಈ ಕಾಗದಗಳು ಉಳಿದು ಬಂದುದು ಹೇಗೆ? ಉತ್ತರ ಇಟಲಿಯ ತ್ರೆವೀಸೋ ಎಂಬ ಊರಿನಲ್ಲಿ ನಾಂದೋ ಸಾಲ್ಚೆ ಎಂಬ ತರುಣನಿದ್ದನು. 1895ರಲ್ಲಿ, ತನ್ನ ಸುಮಾರು ಹದಿನೆಂಟನೆಯ ವಯಸ್ಸಿನಲ್ಲಿ, ಜೊವಾನ್ನಿ ಮತಾಲೋನಿಯವರು ಒಂದು ದೀಪದ ಸಂಸ್ಥೆಗಾಗಿ ಬರೆದ ಪೋಸ್ಟರನ್ನು ಗೋಡೆಯ ಮೇಲೆ ಕಂಡು ಮೋಹಿತನಾದನು. ಪೋಸ್ಟರು ಅಂಟಿಸುವವನ ಕೈಗೆ ಒಂದು ಲೀರಾ ಕೊಟ್ಟು ಒಂದು ಪ್ರತಿಯನ್ನು ಪಡೆದನಂತೆ. ಅಲ್ಲಿಂದ ಮುಂದೆ 1962ರಲ್ಲಿ ತೀರಿಕೊಳ್ಳುವ ವರೆಗೆ ಆತನು ಕೂಡಿಸಿದ ಪತ್ರಗಳು ಸುಮಾರು 25,000. ಅವನ್ನು ಅವನು ರಾಷ್ಟ್ರಕ್ಕೆ ಬಿಟ್ಟುಹೋದನು. 2017ರಲ್ಲಿ ತ್ರೆವೀಸೋದಲ್ಲಿ ಅವುಗಳಿಗಾಗಿ ಒಂದು ವಸ್ತುಸಂಗ್ರಹಾಲಯವೇ ತೆರೆಯಿತು.

ಈ ಕಥೆಯಲ್ಲಿ ಎಲ್ಲರೂ ಸಾಲ್ಚೆಯನ್ನು ಹೊಗಳುತ್ತಾರೆ. ನನ್ನ ಮನಸ್ಸು ಮಾತ್ರ ಪೋಸ್ಟರು ಅಂಟಿಸುವವನ ಕಡೆಗೆ ಹೋಯಿತು. ಅದಕ್ಕೆ ಕಾರಣ ಉಂಟು. ನನ್ನ ತಂದೆಯವರು ಹಗಲು ಬಂದರಿನಲ್ಲಿ ಹೊರೆ ಹೊತ್ತು, ರಾತ್ರಿ ಯಕ್ಷಗಾನ ಮೇಳಗಳ ಮತ್ತು ಸಿನೆಮಾಗಳ ಪೋಸ್ಟರು ಅಂಟಿಸುತ್ತಿದ್ದವರು. ಮೈದಾ ಹಿಟ್ಟನ್ನು ಕುದಿಸಿ, ಹುಳ ತಿನ್ನದಂತೆ ಅದಕ್ಕೆ ತುಸು ಮೈಲುತುತ್ತು ಬೆರೆಸಿ ಅಂಟು ಮಾಡುವರು. ರಜೆಯ ದಿನಗಳಲ್ಲಿ ಬಕೆಟು ಹಿಡಿಯುವ ಕೆಲಸ ನನ್ನದು. ಅವರಿಗೆ ಅಕ್ಷರ ಬಾರದು. ಕಿರೀಟ ಕಂಡರೆ ಅದು ಮೇಲ್ಭಾಗ, ಗೆಜ್ಜೆ ಕಂಡರೆ ಅದು ಕೆಳಭಾಗ. ಆ ಲೆಕ್ಕದಲ್ಲಿ ಅವರು ಒಮ್ಮೆಯೂ ತಪ್ಪಿದವರಲ್ಲ. ಒಂದು ಸಲ ಚಿತ್ರವೇ ಇಲ್ಲದೆ ಬರಿಯ ಅಕ್ಷರಗಳಿದ್ದ ಪತ್ರಗಳು ಬಂದವು. ಆ ರಾತ್ರಿ ನಾನು ಜೊತೆಗೆ ಇರಲಿಲ್ಲ. ಒಂದು ರಸ್ತೆಯುದ್ದಕ್ಕೂ ಅವು ತಲೆಕೆಳಗಾಗಿ ಅಂಟಿದವು. ಕೆಲಸ ಕೊಟ್ಟವರು ಬೈದು, ಆ ರಾತ್ರಿಯ ಕೂಲಿಯನ್ನು ಹಿಡಿದುಕೊಂಡರು. ಮರುದಿನದಿಂದ ತಂದೆಯವರು ಪ್ರತಿ ಕಟ್ಟನ್ನೂ ಹೊರಡುವ ಮೊದಲು ನನ್ನ ಮುಂದೆ ಬಿಡಿಸಿ, “ಇದರ ತಲೆ ಯಾವುದು ಮಗಾ?” ಎಂದು ಕೇಳತೊಡಗಿದರು. ನಾನು ಪೆನ್ಸಿಲಿನಿಂದ ಮೂಲೆಯಲ್ಲಿ ಒಂದು ಗೆರೆ ಎಳೆದುಕೊಡುತ್ತಿದ್ದೆನು.

ಕಾಪ್ಪಿಯೆಲ್ಲೋ ಅವರ ಸೂತ್ರವನ್ನು ಓದಿದಾಗ ನನಗೆ ನೆನಪಾದುದು ಈ ಗೆರೆ. ಓದು ಬಾರದವನನ್ನೂ ಲೆಕ್ಕಕ್ಕೆ ಹಿಡಿದು ರಚಿಸಿದ ಪತ್ರವೇ ಒಳ್ಳೆಯ ಪೋಸ್ಟರು; ಅವನನ್ನು ಮರೆತು ರಚಿಸಿದುದು, ಎಷ್ಟು ಅಕ್ಷರ ತುಂಬಿದರೂ, ತಲೆಯಿಲ್ಲದ ಪತ್ರ. ಮೊಸ್ಕೇನಿಯವರ ಮಾಳಿಗೆಗೂ ಮಿಲಾನಿನ ಬೀದಿಗೂ ಇರುವ ನೆಂಟಸ್ತಿಕೆ ಇದೇ ಎಂದು ನನ್ನ ಎಣಿಕೆ. ಒಂದು ಭಕ್ತಿಯನ್ನು ಬಯಸಿತು, ಇನ್ನೊಂದು ವ್ಯಾಪಾರವನ್ನು ಬಯಸಿತು. ಎರಡೂ ಕೆಳಗೆ ನಿಂತು ನೋಡುವವನನ್ನು ದಡ್ಡನೆಂದು ಭಾವಿಸಲಿಲ್ಲ.

ಪ್ಲಾಸ್ಟಿಕ್ ಹಾಳೆಯ ಫ್ಲೆಕ್ಸುಗಳು ಬಂದ ಮೇಲೆ ತಂದೆಯವರ ರಾತ್ರಿಯ ಕೆಲಸ ನಿಂತಿತು. ಅಂಟಿಸಿ ಉಳಿದ ಪತ್ರಗಳ ಬಿಳಿಯ ಬೆನ್ನನ್ನು ಹೊರಗೆ ಮಾಡಿ ನನ್ನ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಮೊನ್ನೆ ಏಳನೆಯ ತರಗತಿಯ ಗಣಿತ ಪುಸ್ತಕದ ಬೈಂಡನ್ನು ಬಿಚ್ಚಿ ನೋಡಿದೆನು. ಒಳಗೆ ಅರ್ಧ ಕಿರೀಟ, ಒಂದು ಮೇಳದ ಹೆಸರಿನ ಮೂರಕ್ಷರ, ಮೂಲೆಯಲ್ಲಿ ನನ್ನ ಪೆನ್ಸಿಲಿನ ಗೆರೆ. ನನ್ನ ಸಂಗ್ರಹ ಸದ್ಯಕ್ಕೆ ಇಷ್ಟೆ. ಸಹಪಾಠಿಗಳ ಮನೆಯ ಹಳೆಯ ಪುಸ್ತಕಗಳಲ್ಲಿಯೂ ಇಂತಹ ಬೈಂಡುಗಳು ಇರಬಹುದು. ಅವನ್ನು ಬಿಚ್ಚಿ ತಂದುಕೊಟ್ಟರೆ ನಮ್ಮ ಗ್ರಂಥಾಲಯದ ಒಂದು ಕಪಾಟಿನಲ್ಲಿ ಜೋಡಿಸಿಡಲು ಅಧ್ಯಾಪಕರು ಒಪ್ಪಿದ್ದಾರೆ. ಸಾಲ್ಚೆಯ ಸಂಗ್ರಹವೂ ಒಂದರಿಂದಲೇ ಆರಂಭವಾಯಿತಷ್ಟೆ.