ಮದ್ದು ತುಂಬುವ ಮೊದಲು

ನೋಡಮ್ಮಾ, ಸಂಡೂರಿನ ಗಣಿಯಲ್ಲಿ ದುಡಿದು ಬಂದವಳಿಗೆ ಕಬ್ಬಿಣದ ಅದಿರಿನ ಬಗ್ಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಕೆಂಪು ಧೂಳೂ ನಿನಗೆ ಹೊಸದಲ್ಲ. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಪಿಲ್ಬರಾದಲ್ಲಿ ಬಿಸಿಲು ಎಷ್ಟಿರುತ್ತೆ, ಶಿಫ್ಟು ಹೇಗೆ, ಪರ್ತ್‌ಗೆ ವಿಮಾನ ಯಾವಾಗ, ಇದನ್ನೆಲ್ಲ ಹೇಳೋಕೆ ನಿನ್ನ ಜೊತೆಯವರಿದ್ದಾರೆ. ಈ ದೇಶದಲ್ಲೇ ಗಣಿ ಸರ್ವೆ ಮಾಡಿ ನಿವೃತ್ತನಾದ ನಿನ್ನ ದೊಡ್ಡಪ್ಪ ಹೇಳಬೇಕೆಂದಿರುವುದು ಒಂದೇ ಮಾತು. ಬ್ಲಾಸ್ಟಿಂಗ್ ಪ್ಲಾನಿನ ಮೇಲೆ ಇನ್ನು ನಿನ್ನ ಸಹಿಯೂ ಬೀಳುತ್ತೆ. ಅಲ್ಲಿನ ನೆಲದ ಮೂಲನಿವಾಸಿ ಜನ ಆ ಜಾಗದ ಬಗ್ಗೆ ಏನಂದಿದ್ದಾರೆ ಅನ್ನೋದನ್ನ ನೀನೇ ಓದಿ ತಿಳಿದುಕೊಳ್ಳದೆ ಆ ಸಹಿ ಹಾಕಬೇಡ. ‘ಸರ್ಕಾರದ ಪರವಾನಗಿ ಇದೆ’ ಅಂತ ಯಾರಾದರೂ ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡ.

ಜೂಕನ್ ಕಮರಿಯ ಹೆಸರು ಇಂಡಕ್ಷನ್‌ನಲ್ಲಿ ನಿನ್ನ ಕಿವಿಗೆ ಬೀಳಬಹುದು. ಅಲ್ಲಿ ಎರಡು ಮಾತಿನಲ್ಲಿ ಮುಗಿಸಿಬಿಟ್ಟಾರು, ಅದಕ್ಕೇ ನಾನು ಪೂರ್ತಿ ಹೇಳುತ್ತೇನೆ. ರಿಯೋ ಟಿಂಟೋ ಕಂಪನಿಯ ಬ್ರಾಕ್‌ಮನ್ 4 ಗಣಿಯ ಪಕ್ಕದ ಆ ಕಮರಿಯಲ್ಲಿ ಎರಡು ಕಲ್ಲಾಸರೆಗಳಿದ್ದವು, ಬಂಡೆಯಡಿಯ ಗುಹೆಯಂಥ ತಂಗುದಾಣಗಳು. ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರ ನೆಲ ಅದು. ಪೂರ್ವಿಕರ ಚೇತನ ನೆಲೆಸಿರುವ ಜಾಗ ಅಂತ ಅವರು ನಂಬಿದ್ದರು, ಈಗಲೂ ನಂಬುತ್ತಾರೆ. ಅದರಲ್ಲೊಂದು ಆಸರೆಯಲ್ಲಿ 46,000 ವರ್ಷಗಳ ಹಿಂದೆಯೇ ಮನುಷ್ಯರು ಬಂದು ತಂಗಿದ್ದ ಗುರುತು ಸಿಕ್ಕಿತ್ತು. ಹಿಮಯುಗದಲ್ಲಿ ಒಳನಾಡಿನ ಎಷ್ಟೋ ಜಾಗಗಳನ್ನು ಜನ ಬಿಟ್ಟು ಹೋದರೂ ಇಲ್ಲಿಗೆ ಬರುವುದನ್ನು ನಿಲ್ಲಿಸಿರಲಿಲ್ಲ. 2014ರ ಉತ್ಖನನದಲ್ಲಿ ಸುಮಾರು 7,000 ವಸ್ತುಗಳು ಸಿಕ್ಕವು. ಕಾಂಗರೂ ಮೂಳೆಯನ್ನು ಚೂಪಾಗಿ ಮಸೆದು ಮಾಡಿದ 28,000 ವರ್ಷ ಹಳೆಯ ಉಪಕರಣ ಅದರಲ್ಲಿತ್ತು.

ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು. ಕೂದಲಿನಿಂದ ಹೆಣೆದ ಒಂದು ತುಂಡು ಹುರಿ, ಸೊಂಟಪಟ್ಟಿಯದ್ದಿರಬೇಕು ಅಂತಾರೆ. ಒಬ್ಬರ ಕೂದಲಲ್ಲ, ಹಲವರ ತಲೆಯ ಕೂದಲನ್ನು ಕೂಡಿಸಿ ಹೆಣೆದದ್ದು. ವಯಸ್ಸು 4,000 ವರ್ಷ. ಅದರ ಡಿಎನ್‌ಎ ಪರೀಕ್ಷೆ ಮಾಡಿದಾಗ ಇವತ್ತು ಆ ನೆಲ ತಮ್ಮದೆನ್ನುವ ಇದೇ ಜನರ ಜೊತೆ ನಂಟು ಕಂಡುಬಂತು. ಅಂದರೆ ಮನೆತನದ ಹಿರಿಯರ ತಲೆಗೂದಲು ಅದು. ಯಾರದೋ ಮನೆಯೊಳಗೆ ನಿಂತಿದ್ದೇವೆ ಅಂತ ಗೊತ್ತಾಗಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇನಮ್ಮಾ?

ಇಷ್ಟೆಲ್ಲ ಸಿಕ್ಕಿದ್ದು ಆ ಕಲ್ಲಾಸರೆಗಳನ್ನು ಒಡೆಯಲು ಪರವಾನಗಿ ಕೊಟ್ಟ ಮೇಲೆ. ರಾಜ್ಯದ 1972ರ ಪರಂಪರೆ ಕಾಯಿದೆಯ 18ನೇ ಕಲಮಿನಡಿ ಮಂತ್ರಿ ಒಪ್ಪಿಗೆ ಕೊಟ್ಟದ್ದು 2013ರಲ್ಲೇ. ಒಮ್ಮೆ ಒಪ್ಪಿಗೆ ಕೊಟ್ಟರೆ ಆಮೇಲೆ ನೆಲದಿಂದ ಏನೇ ಎದ್ದು ಬಂದರೂ ಅದನ್ನು ಮತ್ತೆ ಪರಿಶೀಲಿಸುವ ದಾರಿ ಆಗಿನ ಕಾಯಿದೆಯಲ್ಲಿರಲಿಲ್ಲ. ಮೇಲ್ಮನವಿಯ ಹಕ್ಕು ಗಣಿಯವರಿಗಿತ್ತು, ನೆಲದವರಿಗಿರಲಿಲ್ಲ. ಕಂಪನಿಯ ಜೊತೆ ಆ ಜನ ಮಾಡಿಕೊಂಡಿದ್ದ ಒಪ್ಪಂದದಲ್ಲಿ ಬಹಿರಂಗವಾಗಿ ಆಕ್ಷೇಪಿಸದಂತೆ ಬಾಯಿ ಕಟ್ಟುವ ಷರತ್ತುಗಳೂ ಇದ್ದವು. ಪಿಟ್ ಹೇಗೆ ಅಗೆಯಬೇಕು ಅನ್ನುವುದಕ್ಕೆ ಕಂಪನಿಯ ಮುಂದೆ ನಾಲ್ಕು ದಾರಿಗಳಿದ್ದವು. ಮೂರರಲ್ಲಿ ಕಲ್ಲಾಸರೆಗಳು ಉಳಿಯುತ್ತಿದ್ದವು. ಕಂಪನಿ ಆರಿಸಿಕೊಂಡದ್ದು ನಾಲ್ಕನೆಯದನ್ನು, ಕಾರಣ 80 ಲಕ್ಷ ಟನ್ ಒಳ್ಳೆ ದರ್ಜೆಯ ಅದಿರು. ಉಳಿದ ಮೂರು ದಾರಿಗಳಿದ್ದವು ಅನ್ನುವುದನ್ನು ಆ ಜನರಿಗೆ ತಿಳಿಸಲೇ ಇಲ್ಲ.

2020ರ ಮೇ ತಿಂಗಳಲ್ಲಿ ಅವರು ಜುಲೈನಲ್ಲಿ ಅಲ್ಲಿಗೊಮ್ಮೆ ಹೋಗಿಬರಬೇಕು ಅಂತ ಅನುಮತಿ ಕೇಳಿದರು. ಸಿಡಿಸಲು ಹೋಲ್‌ಗಳಿಗೆ ಮದ್ದು ತುಂಬುವ ಕೆಲಸ ನಡೆದಿದೆ ಅಂತ ಅವರಿಗೆ ಗೊತ್ತಾದದ್ದೇ ಆಗ. ನಿಲ್ಲಿಸಿ ಅಂತ ಅಂಗಲಾಚಿದರು. ತುಂಬಿದ ಮದ್ದು ತೆಗೆಯುವುದು ಅಪಾಯ ಅಂತ ಉತ್ತರ ಬಂತು. ಏಳು ಹೋಲ್‌ಗಳ ಮದ್ದು ತೆಗೆದದ್ದೇನೋ ನಿಜ. ಆದರೆ ತೆಗೆದದ್ದು ಪರವಾನಗಿ ಇಲ್ಲದ ಬೇರೆ ತಾಣಗಳಿಗೆ ಧಕ್ಕೆಯಾಗದಿರಲಿ ಅಂತ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮೇ 24ರಂದು ಸಿಡಿಸಿದರು.

ಆಮೇಲೆ ಕಂಪನಿಯ ಮುಖ್ಯಾಧಿಕಾರಿಯೂ ಇನ್ನಿಬ್ಬರು ಹಿರಿಯ ಅಧಿಕಾರಿಗಳೂ ಹುದ್ದೆ ಬಿಟ್ಟರು, ಸಂಸತ್ತಿನ ಸಮಿತಿ ವಿಚಾರಣೆ ಮಾಡಿತು. ರಾಜ್ಯ ಹೊಸ ಕಾಯಿದೆ ತಂದು 2023ರ ಜುಲೈನಲ್ಲಿ ಜಾರಿಗೊಳಿಸಿ, ಜಮೀನುದಾರರ ಕೂಗಿಗೆ ಮಣಿದು ಮುಂದಿನ ತಿಂಗಳೇ ಅದನ್ನು ಕೈಬಿಡುವುದಾಗಿ ಸಾರಿತು. ಈಗಿರುವುದು ತಿದ್ದುಪಡಿಯಾದ ಹಳೆಯ ಕಾಯಿದೆಯೇ. ಹೊಸ ಮಾಹಿತಿ ಸಿಕ್ಕರೆ ಮಂತ್ರಿಗೆ ತಿಳಿಸಲೇಬೇಕು, ನೆಲದವರಿಗೂ ಮೇಲ್ಮನವಿಯ ಹಕ್ಕಿದೆ. ಅಷ್ಟು ಒಳ್ಳೆಯದಾಯಿತು. ಆದರೂ ಹೀಗೆ ಅತ್ತಿತ್ತ ವಾಲುವ ಕಾಯಿದೆಯನ್ನೇ ನೆಚ್ಚಿಕೊಂಡು ಮನಸ್ಸಾಕ್ಷಿಯನ್ನು ಪಕ್ಕಕ್ಕಿಡಬೇಡ ಅಂತಷ್ಟೇ ನನ್ನ ಬೇಡಿಕೆ.

ಸರ್ವೆಗೆ ಆ ಜನರ ಹಿರಿಯರು ಬಂದಾಗ ಅವರ ಜೊತೆ ನಡೆಯುವ ಅವಕಾಶ ಸಿಕ್ಕರೆ ಬಿಡಬೇಡ. ಅವಸರದ ಪ್ರಶ್ನೆ ಕೇಳಬೇಡ. ಕೆಲವು ಜಾಗ ಹೆಂಗಸರಿಗೆ ಮಾತ್ರ ಸೇರಿದ್ದು, ಕೆಲವು ಗಂಡಸರಿಗೆ ಮಾತ್ರ. ನಿನ್ನ ಮ್ಯಾನೇಜರನನ್ನು ಕರೆಯದ ಕಡೆಗೆ ನಿನ್ನನ್ನು ಕರೆಯಬಹುದು, ನಿನ್ನನ್ನು ಹೊರಗೇ ನಿಲ್ಲು ಅನ್ನಲೂಬಹುದು. ಇಲ್ಲಿ ಕೈ ಹಚ್ಚಬೇಡಿ ಅಂದರೆ ಕಾರಣ ಕೆದಕಬೇಡ, ಎಲ್ಲವನ್ನೂ ಹೊರಗಿನವರಿಗೆ ಹೇಳುವ ಅಧಿಕಾರ ಎಷ್ಟೋ ಸಲ ಅವರಿಗೂ ಇರುವುದಿಲ್ಲ. ಸುಮ್ಮನಿದ್ದರು ಅಂದ ಮಾತ್ರಕ್ಕೆ ಒಪ್ಪಿದರು ಅಂತ ಬರೆದುಕೊಳ್ಳಬೇಡ. ಮನೆಗೆ ಹೋಗಿ ಹತ್ತು ಜನ ಕೂತು ಮಾತಾಡಿ ಹೇಳುವ ಮಾತು ಅದು, ನಿನ್ನ ಶೆಡ್ಯೂಲ್‌ಗಿಂತ ತಡವಾಗಿಯೇ ಬರುತ್ತೆ.

ನಡೆಯುವಾಗ ಕಾಲ ಬುಡ ನೋಡಿಕೊಂಡು ನಡೆ. ಕೆಮ್ಮಣ್ಣಿನ ಮೇಲೆ ಹೆಬ್ಬೆರಳಷ್ಟು ಅಗಲದ ಕಲ್ಲಿನ ಚಕ್ಕೆ ಬಿದ್ದಿರುತ್ತೆ. ಒಂದು ಅಂಚು ಬ್ಲೇಡಿನ ಹಾಗೆ ತೆಳ್ಳಗೆ, ಏಟು ಬಿದ್ದ ತುದಿಯ ಹತ್ತಿರ ಸಣ್ಣ ಉಬ್ಬು. ಆ ಉಬ್ಬು ಕಂಡರೆ ಯಾರೋ ಕೂತು ಕೈಯಾರೆ ಹೊಡೆದು ತೆಗೆದದ್ದು ಅಂತ ತಿಳಿ. ನೋಡು, ಇರುವಲ್ಲೇ ಬಿಡು, ಹೆರಿಟೇಜ್ ವಿಭಾಗಕ್ಕೆ ತಿಳಿಸು. ನೆನಪಿಗಿರಲಿ ಅಂತ ಜೇಬಿಗಿಳಿಸುವವರನ್ನು ಕಂಡರೆ ತಡೆ. ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದ ಉಲುರು ಬಂಡೆಯಿಂದ ಕಲ್ಲು ಎತ್ತಿಕೊಂಡು ಹೋದ ಪ್ರವಾಸಿಗರು ಎಷ್ಟೋ ವರ್ಷಗಳ ಮೇಲೆ ಕ್ಷಮೆ ಕೇಳಿ ಪತ್ರ ಬರೆದು ಅಂಚೆಯಲ್ಲಿ ವಾಪಸು ಕಳಿಸುತ್ತಿರುತ್ತಾರೆ. ಕಲ್ಲು ಬಂದರೂ ಅದು ಇದ್ದ ಜಾಗ ಯಾವುದು ಅಂತ ತಿಳಿಯುವುದಿಲ್ಲ.

ಇದೇನು ನಮಗೆ ಸಂಬಂಧ ಇಲ್ಲದ್ದು ಅಂದುಕೊಳ್ಳಬೇಡ. ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಬಂಡೆಯ ಮೇಲೆ ಕುಟ್ಟಿ ಬಿಡಿಸಿದ ಎತ್ತುಗಳಿವೆ, ಬಡಿದರೆ ಗಂಟೆಯಂತೆ ದನಿಗೊಡುವ ಕಲ್ಲುಗಳಿವೆ. ಅಲ್ಲೂ ಕ್ವಾರಿಯವರ ಕೈ ಸೋಕಿ ಒಂದಷ್ಟು ಹಾಳಾಯಿತು.

ಹೋದ ಮೊದಲ ವಾರವೇ ಒಂದು ಕೆಲಸ ಮಾಡು. ನಿನ್ನ ಪಿಟ್‌ಗೆ ಸಂಬಂಧಪಟ್ಟ ಪರವಾನಗಿಯ ದಿನಾಂಕ ನೋಡು, ಕೊನೆಯ ಸರ್ವೆ ವರದಿಯ ದಿನಾಂಕವನ್ನೂ ನೋಡು. ಜೂಕನ್‌ನಲ್ಲಿ ಪರವಾನಗಿ 2013ರದ್ದು, ಉತ್ಖನನ 2014ರದ್ದು, ಪುರಾತತ್ವದವರ ಅಂತಿಮ ವರದಿ 2018ರದ್ದು. ಎಲ್ಲ ಕಂಪನಿಯ ಕೈಯಲ್ಲೇ ಇತ್ತು. ನಿನ್ನಲ್ಲೂ ವರದಿ ಪರವಾನಗಿಗಿಂತ ಈಚಿನದಾಗಿದ್ದರೆ, ಅದನ್ನು ನೆಲದವರ ಮುಂದಿಟ್ಟು ಮತ್ತೆ ಕೇಳಿದ್ದೀರಾ ಅಂತ ಬರವಣಿಗೆಯಲ್ಲೇ ಕೇಳು. ಡ್ರಿಲ್ಲಿಂಗ್ ಪ್ಯಾಟರ್ನ್ ಇನ್ನೂ ಕಂಪ್ಯೂಟರಿನಲ್ಲಿರುವಾಗಲೇ ಕೇಳು, ಗೆರೆ ಆಚೀಚೆ ಮಾಡಲು ಆಗ ಒಂದು ಮಧ್ಯಾಹ್ನ ಸಾಕು. ಮೇಲಿನವರಿಗೆ ಸಿಟ್ಟು ಬಂದರೆ ಬರಲಿ. ಉತ್ತರ ಬರುವವರೆಗೆ ಸಹಿ ಹಾಕಬೇಡ, ಕೇಳಿದ ಪತ್ರದ ಒಂದು ಪ್ರತಿ ನಿನ್ನ ಫೈಲಿನಲ್ಲೂ ಇರಲಿ.