ಮನೆಯಲ್ಲೇ ಆರಾಧನೆ ಮಾಡುವ ಮಕ್ಕಳಿಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಫ್ರೀಮಾಂಟ್, ಮಿಲ್ಪಿಟಾಸ್, ಸನ್ನಿವೇಲ್ ಕಡೆ ನೆಲೆಸಿರುವ ನಮ್ಮ ಸಭೆಯ ಮಕ್ಕಳು ಫೋನ್ ಮಾಡಿದಾಗ ಆಡುವ ಮಾತು ಹೆಚ್ಚುಕಡಿಮೆ ಒಂದೇ. "ಅಂಕಲ್, ಇಲ್ಲಿ ಚರ್ಚುಗಳು ಬೇಕಾದಷ್ಟಿವೆ, ನಮಗೆ ಹೊಂದುವುದು ಮಾತ್ರ ಹತ್ತಿರದಲ್ಲಿಲ್ಲ." ತಮಿಳರ ಆರಾಧನೆ ಇದೆ, ತೆಲುಗಿನವರದಿದೆ, ಮಲಯಾಳಿಗಳದಿದೆ. ಇಂಗ್ಲಿಷಿನದಕ್ಕೆ ಹೋದರೆ ಒಂದು ಕಡೆ ಡ್ರಮ್ಮು ಗಿಟಾರು, ಇನ್ನೊಂದು ಕಡೆ ಖಾಲಿ ಬೆಂಚುಗಳ ನಡುವೆ ನಾಲ್ಕಾರು ವೃದ್ಧರು. ಬಾಸೆಲ್ ಮಿಷನ್ನಿನ ಹಾಡುಗಳನ್ನು ಕೇಳಿ ಬೆಳೆದವರಿಗೆ ಅಲ್ಲಿ ಕೂತರೂ ಕೂತಂತಾಗುವುದಿಲ್ಲ. ಹಾಗಾಗಿ ಭಾನುವಾರ ಮನೆಯಲ್ಲೇ ಪ್ರಾರ್ಥನೆ ಮಾಡುತ್ತೇವೆ, ಇದು ತಪ್ಪೇ ಎಂದು ಕೇಳುತ್ತೀರಿ.

ತಪ್ಪಲ್ಲ ಮಕ್ಕಳೇ. ಅಪೊಸ್ತಲರ ಕಾಲದಲ್ಲಿ ಸಭೆ ಅಂದರೆ ಯಾರದೋ ಮನೆಯೇ. ಅಕ್ವಿಲ ಮತ್ತು ಪ್ರಿಸ್ಕಿಲ್ಲರನ್ನು ನೆನೆಸಿಕೊಳ್ಳಿ. ಗುಡಾರ ಮಾಡುವ ಕಸುಬಿನ ದಂಪತಿ. ರೋಮಿನಿಂದ ಹೊರಟು ಕೊರಿಂಥ, ಅಲ್ಲಿಂದ ಎಫೆಸ ಎಂದು ಊರೂರು ಬದಲಿಸಿದವರು, ಕೆಲಸ ಕರೆದಲ್ಲಿಗೆ ಹೋಗುವ ನಿಮ್ಮ ಹಾಗೆಯೇ. ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತು ಎಂದು ಪೌಲನ ಪತ್ರಿಕೆಗಳಲ್ಲಿದೆ. ಆದರೆ ಆ ಮನೆ ಎಂಥದ್ದಾಗಿತ್ತು ನೋಡಿ. ಪೌಲ ಅವರ ಜೊತೆ ಉಳಿದುಕೊಂಡು ದುಡಿದ. ಅಪೊಲ್ಲೋಸನೆಂಬ ಮಹಾ ವಾಗ್ಮಿಗೆ ದೇವರ ಮಾರ್ಗ ಪೂರ್ತಿ ತಿಳಿದಿಲ್ಲವೆಂದು ಕಂಡಾಗ, ಈ ಇಬ್ಬರೂ ಅವನನ್ನು ಕರೆದುಕೊಂಡು ಹೋಗಿ ಸರಿಯಾಗಿ ತಿಳಿಸಿಕೊಟ್ಟರು. ಬಂದವರಿಗೆ ಬಾಗಿಲು ತೆರೆದಿತ್ತು, ತಿದ್ದುವ ಧೈರ್ಯವೂ ಇತ್ತು.

ನಮ್ಮ ಕನ್ನಡ ಸಭೆಗಳ ಬೇರಿನಲ್ಲೂ ಮನೆಯ ಕೂಟವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಭಕ್ತರೇ ದೊಡ್ಡ ಆಸರೆ. 'ಮಂಗಳೂರ ಸಮಾಚಾರ' ಪತ್ರಿಕೆ ಹೊರತಂದ ಮೋಗ್ಲಿಂಗ್ ಅಲ್ಲಿಯವರೇ. ಆ ಸೀಮೆಯ ಜನ ಚರ್ಚಿನ ಆರಾಧನೆಯ ಜೊತೆಗೆ ಮನೆಗಳಲ್ಲಿ ಸೇರಿ ಸತ್ಯವೇದ ಓದುತ್ತಿದ್ದರು. 1743ರಲ್ಲಿ ಸರಕಾರ ಅದಕ್ಕೆ ಆಜ್ಞೆ ಹೊರಡಿಸಿ ಒಪ್ಪಿಗೆ ಕೊಟ್ಟಿತು, ಕೆಲವು ಕಟ್ಟುಪಾಡುಗಳ ಸಮೇತ: ಕೂಟ ಚಿಕ್ಕದಿರಬೇಕು, ಚರ್ಚಿನ ಆರಾಧನೆಯ ಹೊತ್ತಿಗೆ ನಡೆಯಬಾರದು. ಆ ಎರಡನೆಯ ಕಟ್ಟು ನನಗೆ ಬಹಳ ಹಿಡಿಸಿದೆ. ಮನೆಯ ಕೂಟ ಚರ್ಚಿಗೆ ಬಲ ಕೊಡಬೇಕೇ ಹೊರತು ಚರ್ಚಿನ ಮೇಲಿನ ಮುನಿಸಿನಿಂದ ಹುಟ್ಟಬಾರದು.

ನಿಮ್ಮ ಊರಿನಲ್ಲೇ ಮನೆಯ ಕೂಟಕ್ಕಾಗಿ ಕೋರ್ಟಿಗೆ ಹೋದವರಿದ್ದಾರೆ. ಕೋವಿಡ್ ಕಾರಣದಿಂದ 2020ರ ಮಾರ್ಚ್ 17ರಿಂದ ಬೇ ಏರಿಯಾದ ಆರು ಕೌಂಟಿಗಳಲ್ಲಿ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆದೇಶ ಜಾರಿಗೆ ಬಂತು. ಮುಂದೆ ಕ್ಯಾಲಿಫೋರ್ನಿಯಾ ಸರಕಾರ, ಒಂದು ಮನೆಯಲ್ಲಿ ಮೂರಕ್ಕಿಂತ ಹೆಚ್ಚು ಕುಟುಂಬ ಸೇರಬಾರದು ಎಂದಿತು. ಮನೆಯಲ್ಲಿ ಸತ್ಯವೇದ ಅಧ್ಯಯನ ನಡೆಸಬೇಕೆಂದಿದ್ದ ಸಾಂಟಾ ಕ್ಲಾರಾ ಕೌಂಟಿಯ ಕೆಲವರು ಮೊಕದ್ದಮೆ ಹೂಡಿದರು. 2021ರ ಏಪ್ರಿಲ್ 9ರ ರಾತ್ರಿ 'ಟ್ಯಾಂಡನ್ ವಿರುದ್ಧ ನ್ಯೂಸಮ್' ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರ ಬಹುಮತದಿಂದ ಅವರ ಪರ ನಿಂತಿತು. ಅಂಗಡಿ, ಸಲೂನುಗಳಲ್ಲಿ ಅದಕ್ಕಿಂತ ಹೆಚ್ಚು ಮನೆಯವರು ಸೇರಬಹುದಾದರೆ ಮನೆಯ ಪ್ರಾರ್ಥನೆಗೆ ಮಾತ್ರ ಯಾಕೆ ಈ ಬಿಗಿ ಎಂಬುದು ವಾದದ ತಿರುಳು. ಆಗ ರೋಗದ ಭಯವೇನೂ ಸುಳ್ಳಾಗಿರಲಿಲ್ಲ. ನಾಲ್ವರು ನ್ಯಾಯಮೂರ್ತಿಗಳು ಒಪ್ಪಲೂ ಇಲ್ಲ. ಆದರೆ ಮೊಕದ್ದಮೆ ಹೂಡಿದವರು ಕೇಳಿದ್ದೇನು? ಇತರರ ಜೊತೆ ಸೇರುವ ಅವಕಾಶ. ನಿಮಗೆ ಅದು ಕೇಳದೆಯೇ ಸಿಕ್ಕಿದೆ, ನೀವೋ ಬಾಗಿಲು ಹಾಕಿಕೊಂಡು ಇಬ್ಬರೇ ಕೂತಿದ್ದೀರಿ. ನನ್ನ ತಕರಾರು ಇಷ್ಟೇ.

ಊರಿನ ಆರಾಧನೆಯನ್ನು ಯೂಟ್ಯೂಬಿನಲ್ಲಿ ನೋಡುತ್ತೇವೆ ಎನ್ನುತ್ತೀರಿ. ಮಂಗಳೂರಿನ ಭಾನುವಾರ ಬೆಳಗಿನ 8 ಗಂಟೆ ನಿಮಗೆ ಬೇಸಿಗೆಯಲ್ಲಿ ಶನಿವಾರ ಸಂಜೆ 7.30. ಸೋಫಾದ ಮೇಲೆ ಕಾಲು ಚಾಚಿ, ತಟ್ಟೆಯಲ್ಲಿ ಊಟ, ಪ್ರಸಂಗದ ನಡುವೆ ಆಫೀಸಿನ ಮೆಸೇಜು. ಊರಿನ ಮುಖಗಳನ್ನು ನೋಡಿದ ಸಂತೋಷ ಸಿಗುತ್ತದೆ, ಬೇಡ ಅನ್ನುವುದಿಲ್ಲ. ಅದನ್ನೇ ಆರಾಧನೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಮನೆಯಲ್ಲಿ ಆರಾಧನೆ ಮಾಡುವುದಾದರೆ ಭಾನುವಾರಕ್ಕೆ ಒಂದು ಹೊತ್ತು ಗೊತ್ತು ಮಾಡಿ, ಹತ್ತು ಅಂದರೆ ಹತ್ತೇ. ಸ್ನಾನ ಮಾಡಿ ಒಳ್ಳೆಯ ಬಟ್ಟೆ ಹಾಕಿಕೊಳ್ಳಿ. ಕುಕ್ಕರು, ವಾಷಿಂಗ್ ಮೆಷಿನ್ನು ಆರಿಸಿ. ಫೋನುಗಳು ಬೇರೆ ಕೋಣೆಯಲ್ಲಿರಲಿ. ಹಾಗಾಗಿ ಕಾಗದದ ಸತ್ಯವೇದ, ಕಾಗದದ ಹಾಡಿನ ಪುಸ್ತಕವೇ ಬೇಕು, ಊರಿನಿಂದ ತರಿಸಿಕೊಳ್ಳಿ. ಹಾಡು, ಪಾಪನಿವೇದನೆ, ಒಂದು ಕೀರ್ತನೆ, ಸುವಾರ್ತೆಯ ಪಾಠ, ವಿಶ್ವಾಸಪ್ರಮಾಣ, ಇತರರಿಗಾಗಿ ವಿಜ್ಞಾಪನೆ, ಕರ್ತನ ಪ್ರಾರ್ಥನೆ. ಈ ಕ್ರಮ ಬಿಡಬೇಡಿ. ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಪ್ರಾರ್ಥಿಸುತ್ತೇವೆ ಎಂದು ಶುರು ಮಾಡಿದರೆ, ಸ್ವಲ್ಪ ದಿನದಲ್ಲೇ ನಮ್ಮ ವೀಸಾ, ನಮ್ಮ ಕೆಲಸ, ನಮ್ಮ ಮನೆ ಸಾಲ ಇಷ್ಟರಲ್ಲೇ ಪ್ರಾರ್ಥನೆ ಸುತ್ತತೊಡಗುತ್ತದೆ. ಇಷ್ಟವಿಲ್ಲದ ವಾಕ್ಯಭಾಗವನ್ನೂ ಓದಿಸುವುದು ಕ್ರಮವೇ.

ಮಗು ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುವಾಗ ಅವಸರಪಡಿಸಬೇಡಿ. "ಕರ್ತನು" ಎಂಬಲ್ಲಿ ಅರ್ಕಾವೊತ್ತಿಗೆ ನಿಂತುಬಿಡುತ್ತದೆ, ನಿಲ್ಲಲಿ. ಒಂದು ವಾಕ್ಯಕ್ಕೆ ಐದು ನಿಮಿಷ ಹಿಡಿದರೂ ಆ ಪಾಠ ಮಗುವಿನದೇ ಆಗಲಿ. ಒಂದು ವಾರ ಹೆಂಡತಿ ನಡೆಸಲಿ, ಒಂದು ವಾರ ಗಂಡ. ಈ ಮಾತನ್ನು ಒತ್ತಿ ಹೇಳುತ್ತೇನೆ: ಪ್ರತಿ ವಾರವೂ ಯಜಮಾನನೇ ಪಾದ್ರಿಯಾದ ಮನೆಯಲ್ಲಿ ಪ್ರಸಂಗ ನಿಧಾನಕ್ಕೆ ಗದರಿಕೆಯಾಗುತ್ತದೆ, ಸಾಲದ್ದಕ್ಕೆ ದೇವರ ಹೆಸರಿನಲ್ಲಿ. ತಿದ್ದುವವರು ಯಾರೂ ಇರುವುದಿಲ್ಲ. ಅದಕ್ಕೇ ಇನ್ನೊಂದೆರಡು ಕುಟುಂಬಗಳನ್ನು ಸೇರಿಸಿಕೊಳ್ಳಿ ಎನ್ನುವುದು. ಅವರು ಮಂಗಳೂರಿನ ಕೆಥೊಲಿಕರಿರಬಹುದು, ಹುಬ್ಬಳ್ಳಿ ಕಡೆಯವರಿರಬಹುದು, ಕೋಲಾರದ ಮೆಥಡಿಸ್ಟರಿರಬಹುದು. 1973ರಿಂದ ನಡೆದು ಬಂದಿರುವ ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟಕ್ಕೆ ಹಬ್ಬಕ್ಕೆಂದು ಹೋಗುತ್ತೀರಲ್ಲ, ಅಲ್ಲೇ ವಿಚಾರಿಸಿ.

ಕಾಣಿಕೆಯನ್ನೂ ಎತ್ತಿಡಿ. ಮನೆಯಲ್ಲಿ ಆರಾಧನೆ ಅಂದ ಕೂಡಲೇ ಮೊದಲು ನಿಲ್ಲುವುದು ಅದೇ. ಸ್ಯಾನ್ ಫ್ರಾನ್ಸಿಸ್ಕೋದ ಟೆಂಡರ್‌ಲಾಯಿನ್‌ನಲ್ಲಿ ಹಸಿದವರಿಗೆ ಉಚಿತ ಊಟ ಹಾಕುವ ಗ್ಲೈಡ್ ಇದೆ. ಹಣ ಕಳಿಸಿದರೆ ಸಾಲದು, ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಡಿಸಲು ನಿಲ್ಲಿ.

ಕರ್ತನ ಭೋಜನವನ್ನು ಮಾತ್ರ ನೀವೇ ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚಿ ಮಾಡಿಕೊಳ್ಳಬೇಡಿ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಅದನ್ನು ನಡೆಸುವುದು ದೀಕ್ಷೆ ಪಡೆದ ಸಭಾಪಾಲಕರು. ತಿಂಗಳಿಗೊಂದು ಭಾನುವಾರ ಅದಕ್ಕಾಗಿಯೇ ಮೀಸಲಿಡಿ. 1947ರಲ್ಲಿ ಹುಟ್ಟಿದ ಸಿಎಸ್‌ಐ ಇಂದು ಜಗತ್ತಿನ ಆಂಗ್ಲಿಕನ್ ಬಳಗದಲ್ಲಿದೆ. ಹಾಗಾಗಿ ಅದೇ ಬಳಗದ, ಅಲ್ಲಿಯ ಎಪಿಸ್ಕೋಪಲ್ ಚರ್ಚಿಗೆ ನೀವು ಹೊರಗಿನವರಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ನಾಬ್ ಹಿಲ್ಲಿನಲ್ಲಿರುವ ಅವರ ಗ್ರೇಸ್ ಕೆಥೆಡ್ರಲ್‌ವರೆಗೆ ಹೋಗಬೇಕೆಂದೇನಿಲ್ಲ, ನಿಮ್ಮ ಊರಿನದೇ ಸಾಕು. ಹಾಡು ಹೊಸತಿರಬಹುದು, ಆರಾಧನೆಯ ಕ್ರಮ ಗುರುತು ಸಿಗುತ್ತದೆ. ಆ ನಾಲ್ಕಾರು ವೃದ್ಧರ ಪಕ್ಕದಲ್ಲೇ ಕೂತುಕೊಳ್ಳಿ. ಮಗುವನ್ನು ಕರೆದುಕೊಂಡು ಬಂದ ದಂಪತಿಯನ್ನು ಕಂಡರೆ ಅವರಿಗೆ ಎಷ್ಟು ಖುಷಿಯಾಗುತ್ತದೋ ನೋಡಿ.

ನಾಳೆ ಮಗುವಿಗೆ ದೀಕ್ಷಾಸ್ನಾನ ಆಗಬೇಕು. ಊರಿನಿಂದ ಬಂದ ವಯಸ್ಸಾದ ತಂದೆಯೋ ತಾಯಿಯೋ ಆಸ್ಪತ್ರೆ ಸೇರಬಹುದು, ಅಲ್ಲೇ ತೀರಿಕೊಳ್ಳಲೂಬಹುದು. ಆ ರಾತ್ರಿ ಯಾರಿಗೆ ಫೋನ್ ಮಾಡುತ್ತೀರಿ? ಈ ತಿಂಗಳೇ ಊರಿನ ಸಭಾಪಾಲಕರಿಂದ ಸದಸ್ಯತ್ವದ ಪತ್ರ ತರಿಸಿ, ಹತ್ತಿರದ ಒಂದು ಚರ್ಚಿನಲ್ಲಿ ಹೆಸರು ಬರೆಸಿಬಿಡಿ.