ಇಬ್ಬರೇ ಇರುವ ದೋಣಿ

ಕಡಲತೀರದ ಹಳ್ಳಿಗಳಲ್ಲಿ ವಾಸಿಸುವ ನಮ್ಮ ವಾಚಕರಿಗೆ ಮಳೆಗಾಲದ ವಿರಾಮವು ಹೊಸ ಸಂಗತಿಯಲ್ಲ. ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೊಡ್ಡ ದೋಣಿಗಳು ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿವಸ, ಮೀನು ಹಿಡಿಯಲಿಕ್ಕೆ ಹೋಗಕೂಡದೆಂಬ ನಿಯಮವುಂಟು. ಸಣ್ಣ ನಾಡದೋಣಿಗಳಿಗೆ ಈ ನಿಯಮವು ಸಡಿಲವಾಗಿದ್ದರೂ ಕಡಲೇ ಅವುಗಳಲ್ಲಿ ಅನೇಕವನ್ನು ತಡೆಯುವದು. ಅಳಿವೆಯನ್ನು ದಾಟಲಾರದೆ ಅವು ದಡದ ಮೇಲೆ ಮಡಲಿನ ಚಪ್ಪರದ ಕೆಳಗೆ ಇರುವವು. ಇಂಥ ವಿರಾಮದ ತರುವಾಯ ಗಂಡನೂ ಹೆಂಡತಿಯೂ ಇಬ್ಬರೇ ಕೂಡಿ ಮೊದಲನೆಯ ಸಾರಿ ದೂರದ ನೀರಿಗೆ ಹೋಗುವಾಗ ಏನೇನು ತಿಳಿದಿರತಕ್ಕದ್ದು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಹೆಂಗಸರು ಮೀನು ಮಾರುವವರು, ಒಣಗಿಸುವವರು. ಕಡಲಿಗೆ ಹೋಗುವವರು ಅಲ್ಲವಲ್ಲಾ ಎಂದು ಕೆಲವರು ಹೇಳಿಯಾರು. ಆದರೆ ಕೇರಳದ ತ್ರಿಶ್ಶೂರು ಜಿಲ್ಲೆಯ ಚೇಟ್ಟುವಾ ಎಂಬ ಊರಿನ ರೇಖಾ ಎಂಬವರು ತಮ್ಮ ಗಂಡ ಕಾರ್ತಿಕೇಯನ್ ಅವರ ಸಂಗಡ ಸಣ್ಣ ದೋಣಿಯಲ್ಲಿ ಕಡಲಿಗೆ ಹೋಗಲಾರಂಭಿಸಿದರು. ದೋಣಿಯ ಕೂಲಿಯಾಳುಗಳು ಬಿಟ್ಟುಹೋದದ್ದೇ ಇದಕ್ಕೆ ಕಾರಣ. ಆಳಕಡಲ ಮೀನುಗಾರಿಕೆಗೆ ಪರವಾನಿಗೆ ಪಡೆದ ಭಾರತದ ಮೊದಲನೆಯ ಸ್ತ್ರೀಯೆಂದು ಕೊಚ್ಚಿಯಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾಲಯದವರು 2017ರಲ್ಲಿ ಅವರನ್ನು ಗೌರವಿಸಿದರು. ಕೂಲಿ ಕೊಡಲಾರದ ಮನೆಗಳು ನಮ್ಮ ತೀರದಲ್ಲಿಯೂ ಇರುವದರಿಂದ ಇದು ದೂರದ ಮಾತಲ್ಲ.

ಮೊದಲು ದೋಣಿಯನ್ನು ನೋಡೋಣ. ಮರದ ದೋಣಿಯು ತಿಂಗಳುಗಟ್ಟಲೆ ಒಣನೆಲದ ಮೇಲಿದ್ದರೆ ಹಲಿಗೆಗಳು ಕುಗ್ಗಿ ಸಂದುಗಳು ಬಿಡುವವು. ನೀರಿಗಿಳಿಸಿದ ದಿವಸವೇ ದೂರಕ್ಕೆ ಹೋಗದೆ ಒಂದೆರಡು ದಿವಸ ಹೊಳೆಯಲ್ಲಿ ಕಟ್ಟಿಟ್ಟರೆ ಮರವು ಉಬ್ಬಿ ಸಂದು ಮುಚ್ಚಿಕೊಳ್ಳುವದು. ನಾರುಗಾಜಿನ ದೋಣಿಯಾದರೆ ಬಿರುಕುಗಳನ್ನು ಹುಡುಕತಕ್ಕದ್ದು. ಎಣ್ಣೆಯ ತೊಟ್ಟಿಯಲ್ಲಿ ಉಳಿದ ಹಳೆಯ ಎಣ್ಣೆಯ ತಳದಲ್ಲಿ ನೀರು ಸೇರಿರುವದುಂಟು. ಅದನ್ನು ಚೆಲ್ಲಿ ಹೊಸದನ್ನು ತುಂಬಿಸುವ ಖರ್ಚು ನಡುಗಡಲಿನಲ್ಲಿ ನಿಂತ ಯಂತ್ರದ ಖರ್ಚಿಗಿಂತ ಕಡಿಮೆ. ಯಂತ್ರವನ್ನು ತಣ್ಣಗಿರಿಸುವ ನೀರು ಹಿಂದಿನಿಂದ ಸಣ್ಣ ಧಾರೆಯಾಗಿ ಚಿಮ್ಮುವದಷ್ಟೆ. ಒಳಗಿರುವ ರಬ್ಬರಿನ ಚಕ್ರವು ಬಹು ದಿವಸ ಸುಮ್ಮನಿದ್ದು ಗಟ್ಟಿಯಾದರೆ ಆ ಧಾರೆ ನಿಂತುಹೋಗುವದು. ಬಲೆಯನ್ನು ಇಲಿ ಕಡಿದಿದೆಯೋ ಎಂದು ನಾವು ಹೇಳದೆಯೇ ಹೆಂಡತಿ ನೋಡಿರುವಳು.

ದೋಣಿಯಂತೆಯೇ ದೇಹವೂ ದಡಕ್ಕೆ ಒಗ್ಗಿಹೋಗುವದು. ಅಂಗೈಯ ಗಟ್ಟಿಚರ್ಮವು ಮೆತ್ತಗಾಗಿರುವದು. ಹತ್ತು ವರುಷ ಕಡಲಿನಲ್ಲಿ ದುಡಿದವನಿಗೂ ಮೊದಲನೆಯ ದಿವಸ ತಲೆ ತಿರುಗಿ ವಾಂತಿಯಾಗುವದುಂಟು, ಅದರಲ್ಲಿ ನಾಚಿಕೆಯಿಲ್ಲ.

ಇನ್ನು ಮುಖ್ಯವಾದದ್ದಕ್ಕೆ ಬರೋಣ. ಆರು ಜನರ ದೋಣಿಯಿಂದ ಒಬ್ಬನು ಬಿದ್ದರೆ ಐವರು ಉಳಿಯುವರು. ಇಬ್ಬರ ದೋಣಿಯಲ್ಲಿ ಉಳಿಯುವವಳು ಒಬ್ಬಳೇ. ಚುಕ್ಕಾಣಿ ಹಿಡಿದವನೇ ಬಿದ್ದನೆಂದು ಎಣಿಸಿಕೊಳ್ಳಿರಿ. ಹೆಂಡತಿಯು ಬಲೆ ಎಳೆಯುವದನ್ನು ಮಾತ್ರ ಕಲಿತಿದ್ದು ಯಂತ್ರವನ್ನು ಮುಟ್ಟದವಳಾಗಿದ್ದರೆ ದೋಣಿಯು ಅವಳನ್ನು ಹೊತ್ತುಕೊಂಡು ಮುಂದಕ್ಕೆ ಓಡುವದು, ಗಂಡನು ಹಿಂದೆ ಉಳಿಯುವನು. ಆದದರಿಂದ ಯಂತ್ರವನ್ನು ನಿಲ್ಲಿಸುವದು, ಪುನಃ ಹೊರಡಿಸುವದು, ದೋಣಿಯನ್ನು ತಿರುಗಿಸುವದು ಈ ಮೂರನ್ನಾದರೂ ಅವಳು ಅಳಿವೆಯೊಳಗಿನ ಶಾಂತವಾದ ನೀರಿನಲ್ಲಿ ತನ್ನ ಕೈಯಿಂದಲೇ ಮಾಡಿ ಕಲಿತಿರಬೇಕು. ಕೆಲವು ಯಂತ್ರಗಳಿಗೆ ಒಂದು ಸಣ್ಣ ಹುರಿಯುಂಟು. ಅದನ್ನು ನಡಿಸುವವನ ಮಣಿಕಟ್ಟಿಗೆ ಕಟ್ಟಿಕೊಂಡರೆ ಅವನು ಬಿದ್ದ ಕ್ಷಣದಲ್ಲಿ ಯಂತ್ರವು ತಾನೇ ನಿಲ್ಲುವದು. ಅನೇಕರು ಅದನ್ನು ಯಂತ್ರಕ್ಕೇ ಸುತ್ತಿಬಿಡುತ್ತಾರೆ. ಇದಕ್ಕಿಂತ ಬುದ್ಧಿಗೇಡಿತನವನ್ನು ನಾವು ಕಾಣೆವು.

ಬಿದ್ದವರನ್ನು ಕಣ್ಣಿನಿಂದ ಬಿಡಕೂಡದು. ಎರಡು ಅಲೆಗಳ ನಡುವೆ ಮನುಷ್ಯನ ತಲೆಯು ತೆಂಗಿನಕಾಯಿಗಿಂತ ದೊಡ್ಡದಾಗಿ ಕಾಣುವದಿಲ್ಲ. ತೇಲುವ ವಸ್ತು ಯಾವದಿದ್ದರೂ, ಬರಿದಾದ ಎಣ್ಣೆಯ ಡಬ್ಬಿಯಾದರೂ, ತಕ್ಷಣ ಅವರ ಕಡೆಗೆ ಎಸೆಯತಕ್ಕದ್ದು. ಮೆಲ್ಲಗೆ ಹತ್ತಿರಕ್ಕೆ ಬಂದು, ಕೈಗೆ ಸಿಕ್ಕುವ ಮೊದಲೇ ಯಂತ್ರವನ್ನು ನಿಲ್ಲಿಸತಕ್ಕದ್ದು, ಯಾಕಂದರೆ ನೀರಿನೊಳಗೆ ತಿರುಗುವ ರೆಕ್ಕೆಯು ಕತ್ತಿಯಂತಿರುವದು. ಆದರೆ ನಿಜವಾದ ಕಷ್ಟವು ಆಮೇಲೆಯೇ. ಬಟ್ಟೆ ನೆನೆದು ದಣಿದ ಗಂಡಸನ್ನು ಒಬ್ಬ ಹೆಂಗಸು ಮೇಲಕ್ಕೆ ಎತ್ತಲಾರಳು. ಹೆಂಡತಿಯನ್ನು ಎತ್ತುವದು ಗಂಡನಿಗೂ ಸುಲಭವಲ್ಲ. ಆದಕಾರಣ ಕಾಲಿಡುವ ಕುಣಿಕೆಯುಳ್ಳ ಗಟ್ಟಿಯಾದ ಹಗ್ಗವೊಂದನ್ನು ಅಂಚಿಗೆ ಬಿಗಿದಿಟ್ಟುಕೊಂಡಿದ್ದರೆ ಬಿದ್ದವರು ಅದರಲ್ಲಿ ಪಾದವಿಟ್ಟು ಏರಬಹುದು. ಇದಕ್ಕೆ ನಾಲ್ಕು ಮೊಳ ಹಗ್ಗ ಸಾಕು. ಬಲೆಯನ್ನು ಬಿಡುವಾಗ ಹಗ್ಗವು ಕಾಲಿಗೆ ಸುತ್ತಿಕೊಂಡು ಎಳೆಯುವದೂ ಉಂಟು. ಆಗ ಇಬ್ಬರ ಕೈಗೂ ಎಟಕುವ ಹಾಗೆ ಒಂದು ಹರಿತವಾದ ಚೂರಿ ಇರಬೇಕು. ತೇಲಂಗಿಯನ್ನು ದೋಣಿಯ ಮೂಲೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಮೈಮೇಲೆಯೇ ಇರತಕ್ಕದ್ದು. ಸೆಕೆಯಾಗುವದೆಂಬದು ನಮಗೆ ಗೊತ್ತು.

ಮೊದಲನೆಯ ದಿವಸ ಎಷ್ಟು ದೂರ ಹೋಗಬಹುದು? ಎರಡು ತಿಂಗಳ ಸಾಲವು ಮನೆಯಲ್ಲಿ ಕೂತಿರುವಾಗ ಗಂಡನಿಗೆ ಇನ್ನೂ ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ ಮುಂದೆ ಎಂದು ಅನಿಸುವದು ಸಹಜವೇ. ಎಣ್ಣೆಯನ್ನು ಮೂರು ಪಾಲು ಮಾಡಿರಿ: 30 ಲೀಟರ್ ಇದ್ದರೆ 10 ಹೋಗಲಿಕ್ಕೆ, 10 ಬರಲಿಕ್ಕೆ, ಉಳಿದ 10ನ್ನು ಎದುರುಗಾಳಿಗೂ ಸೆಳೆತಕ್ಕೂ ಇಟ್ಟುಕೊಳ್ಳತಕ್ಕದ್ದು. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಸರಕಾರೀ ಸಂಸ್ಥೆಯು ಅಲೆಗಳ ಎತ್ತರ, ಗಾಳಿಯ ವೇಗ ಮುಂತಾದವುಗಳ ಮುನ್ಸೂಚನೆಯನ್ನು ಕೊಡುತ್ತದೆ. ಅದನ್ನು ಕೇಳದೆ ಹೊರಡಕೂಡದು. ಮಳೆಗಾಲದಲ್ಲಿ ಅಳಿವೆಯ ಮರಳುದಿಬ್ಬವು ಸ್ಥಳ ಬದಲಾಯಿಸುವದರಿಂದ ಹೋದ ವರುಷದ ದಾರಿಯನ್ನು ನಂಬಲಾಗದು. ಇಬ್ಬರಲ್ಲಿ ಯಾರಾದರೂ "ಇಂದಿಗೆ ಸಾಕು, ಮರಳಿ ಹೋಗೋಣ" ಎಂದರೆ ದೋಣಿಯನ್ನು ತಿರುಗಿಸತಕ್ಕದ್ದೆಂದು ದಡದಲ್ಲಿಯೇ ಮಾತಾಗಿರಲಿ. ಹೆಂಡತಿಯ ಮಾತನ್ನು ಅಂಜುಬುರುಕತನವೆಂದು ನಗುವವನ ಸಂಗಡ ಅವಳು ಹೋಗದಿರುವದೇ ಲೇಸು.

ತಂದೆಯೂ ತಾಯಿಯೂ ಒಂದೇ ದೋಣಿಯಲ್ಲಿ ಹೋದ ಮೇಲೆ ಮನೆಯಲ್ಲಿ ಮಕ್ಕಳು ಮಾತ್ರ ಇರುವರು. ಯಾವ ದಿಕ್ಕಿಗೆ ಹೋಗುವೆವು, ಎಷ್ಟು ಗಂಟೆಗೆ ಬರುವೆವು ಎಂಬದನ್ನು ಒಂದು ಚೀಟಿಯಲ್ಲಿ ಬರೆದು ನೆರೆಮನೆಯ ಹಿರಿಯರ ಕೈಯಲ್ಲಿ ಕೊಡಿರಿ. ದಡದಿಂದ ದೂರ ಹೋದ ಮೇಲೆ ಕೈಫೋನು ಕೇಳಿಸದು. ಅದೇ ಚೀಟಿಯ ಕೆಳಗೆ 1554 ಎಂಬ ಸಂಖ್ಯೆಯನ್ನೂ ದೊಡ್ಡದಾಗಿ ಬರೆಯಿರಿ. ಅದು ಕಡಲಿನಲ್ಲಿ ಅಪಾಯವಾದಾಗ ಭಾರತದ ಕರಾವಳಿ ರಕ್ಷಣಾ ಪಡೆಯವರನ್ನು ಕರೆಯುವ ಸಂಖ್ಯೆ. ಹೇಳಿದ ಗಂಟೆ ಮೀರಿದರೆ ಸಂಜೆಯ ವರೆಗೆ ಕಾದು ನೋಡೋಣವೆಂದು ಅವರು ಕೂತಿರದೆ ಬೆಳಕಿರುವಾಗಲೇ ಕರೆಯಬೇಕೆಂದು ಆ ಹಿರಿಯರಿಗೆ ಮೊದಲೇ ಹೇಳಿಡಿರಿ.